ಅರವತ್ತಮೂರು, ತ್ರೇಸಷ್ಟ, ಸಾಠ ತೀನ

2019ರ ಜೂನ್ ತಿಂಗಳಲ್ಲಿ, ಶಾಲೆಗಳು ಶುರುವಾಗುವ ಹೊತ್ತಿಗೆ ಸರಿಯಾಗಿ, ಮಹಾರಾಷ್ಟ್ರದಲ್ಲಿ ಎರಡನೆಯ ತರಗತಿಯ ಗಣಿತ ಪುಸ್ತಕದ ಮೇಲೆ ದೊಡ್ಡ ಹುಯಿಲೆದ್ದಿತು. ಪುಸ್ತಕ ಹೊರತಂದದ್ದು ಪುಣೆಯ ಬಾಲಭಾರತಿ. ಆ ರಾಜ್ಯದ ಶಾಲಾ ಪುಸ್ತಕಗಳನ್ನು 1967ರಿಂದ ಸಿದ್ಧಪಡಿಸುತ್ತ ಬಂದಿರುವ ಸಂಸ್ಥೆ. ಅದರಲ್ಲಿದ್ದ ಹೊಸತು ಇಷ್ಟೇ: ಇಪ್ಪತ್ತೊಂದನ್ನು ‘ಏಕವೀಸ’ ಎನ್ನುವಲ್ಲಿ ‘ವೀಸ ಏಕ’ ಎಂದೂ, ಅರವತ್ತಮೂರನ್ನು ‘ತ್ರೇಸಷ್ಟ’ ಎನ್ನುವಲ್ಲಿ ‘ಸಾಠ ತೀನ’ ಎಂದೂ ಮಗು ಓದಬಹುದು. ಹಳೆಯ ಹೆಸರನ್ನು ಕಿತ್ತುಹಾಕಿರಲಿಲ್ಲ, ಅದೂ ಪುಸ್ತಕದಲ್ಲಿತ್ತು. ಆದರೂ ಮರಾಠಿಯ ಮೇಲೆ ದಾಳಿಯಾಯಿತು ಎಂಬ ಕೂಗೆದ್ದಿತು, ವಿಷಯ ವಿಧಾನಸಭೆಗೆ ಹೋಯಿತು, ಮುಖ್ಯಮಂತ್ರಿ ಫಡಣವೀಸರ ಹೆಸರಿನ ತುದಿಯಲ್ಲಿರುವ ‘ವೀಸ’ವನ್ನು ಹಿಡಿದು ಅಲ್ಲಿ ನಗೆಚಾಟಿಕೆಯೂ ನಡೆಯಿತು. ಗಣಿತ ಪುಸ್ತಕ ಸಮಿತಿಯ ಅಧ್ಯಕ್ಷೆಯಾಗಿದ್ದವರು ಪುಣೆಯ ಗಣಿತಜ್ಞೆ ಮಂಗಲಾ ನಾರಳೀಕರ್. ಸಂಖ್ಯಾಸಿದ್ಧಾಂತದಲ್ಲಿ ಸಂಶೋಧನೆ ಮಾಡಿದವರು, ಮಕ್ಕಳಿಗಾಗಿ ಗಣಿತದ ಪುಸ್ತಕ ಬರೆದವರು. ಜೋಡಕ್ಷರ ತುಂಬಿದ ಈ ಹೆಸರುಗಳಿಂದಲೇ ಎಷ್ಟೋ ಮಕ್ಕಳು ಗಣಿತಕ್ಕೆ ಹೆದರುತ್ತಾರೆ, ದಕ್ಷಿಣದ ಭಾಷೆಗಳಲ್ಲೂ ಇಂಗ್ಲಿಷಿನಲ್ಲೂ ಹತ್ತಿನ ಹೆಸರು ಮೊದಲು ಬರುತ್ತದೆ, ಎರಡೂ ರೀತಿ ಇರಲಿ ಎಂಬುದು ಅವರ ವಾದವಾಗಿತ್ತು. ಅವರ ವಾದ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಅದಕ್ಕೆ ಆಧಾರ ಪ್ರಯೋಗಗಳಲ್ಲಷ್ಟೇ ಅಲ್ಲ, ಪುಣೆಯ ಶಾಲೆಗಳ ಇನ್ನೂರು ವರ್ಷದ ಚರಿತ್ರೆಯಲ್ಲೂ ಸಿಗುತ್ತದೆ. ಒಂದು ವಸ್ತುವಿಗೆ ಕೊಟ್ಟ ಹೆಸರು ಮಗುವಿಗೆ ಅದನ್ನು ಯಾವುದರ ಜೊತೆ ಸೇರಿಸಬೇಕು, ಯಾವ ಕ್ರಮದಲ್ಲಿ ನೋಡಬೇಕು ಎಂಬುದನ್ನೂ ಕಲಿಸಿಬಿಡುತ್ತದೆ. ಸಂಖ್ಯೆಯ ವಿಷಯದಲ್ಲಂತೂ ಹೆಸರಿನ ಭಾರ ಇನ್ನೂ ಹೆಚ್ಚು. ಹಸುವನ್ನೋ ಮರವನ್ನೋ ನೋಡಿದಂತೆ ಅರವತ್ತಮೂರನ್ನು ಯಾರೂ ಒಂದೇ ನೋಟಕ್ಕೆ ಕಂಡವರಿಲ್ಲ.

ಮರಾಠಿ ಮಗುವಿನ ಪಾಡು ಏನೆಂದು ಹತ್ತಿರದಿಂದ ನೋಡಬೇಕು. ಮೂರಕ್ಕೆ ಅದು ‘ತೀನ’ ಎಂದು ಕಲಿತಿದೆ. ಆದರೆ ಇಪ್ಪತ್ತಮೂರಕ್ಕೆ ಬಂದಾಗ ಮೂರು ‘ತೇ’ ಆಗುತ್ತದೆ: ತೇವೀಸ. ನಲವತ್ತಮೂರರಲ್ಲಿ ‘ತ್ರೇ’: ತ್ರೇಚಾಳೀಸ. ಎಪ್ಪತ್ತಮೂರರಲ್ಲಿ ‘ತ್ರ್ಯಾ’: ತ್ರ್ಯಾಹತ್ತರ. ಹತ್ತುಗಳ ಹೆಸರೂ ನಿಂತಲ್ಲಿ ನಿಲ್ಲುವುದಿಲ್ಲ. ಐವತ್ತು ತಾನೊಂದೇ ಇದ್ದಾಗ ‘ಪನ್ನಾಸ’, ಮೂರರ ಜೊತೆಗೂಡಿದರೆ ‘ತ್ರೇಪನ್ನ’. ಅರವತ್ತು ‘ಸಾಠ’, ಆದರೆ ಅರವತ್ತಮೂರು ‘ತ್ರೇಸಷ್ಟ’. ಎಪ್ಪತ್ತು ‘ಸತ್ತರ’, ಆದರೆ ಎಪ್ಪತ್ತೆರಡು ‘ಬಾಹತ್ತರ’. ಒಂಬತ್ತರಲ್ಲಿ ಮುಗಿಯುವ ಸಂಖ್ಯೆಗಳದು ಬೇರೆಯೇ ದಾರಿ. ಐವತ್ತೊಂಬತ್ತು ‘ಏಕೋಣಸಾಠ’, ಅಂದರೆ ಅರವತ್ತಕ್ಕೆ ಒಂದು ಕಡಿಮೆ; ಇನ್ನೂ ಮುಟ್ಟದ ಅರವತ್ತನ್ನು ನೆನೆದು, ಅದರಲ್ಲೊಂದು ಕಳೆದು, ಮಗು ಐವತ್ತರ ಮನೆಯಲ್ಲೇ ನಿಂತಿರಬೇಕು. ಹಾಗಾದರೆ ತೊಂಬತ್ತೊಂಬತ್ತು ‘ನೂರಕ್ಕೊಂದು ಕಡಿಮೆ’ ಆಗಬೇಕಿತ್ತಲ್ಲ? ಅಲ್ಲ, ಅದು ‘ನವ್ವ್ಯಾಣ್ಣವ’. ಎಲ್ಲಕ್ಕಿಂತ ಹೆಚ್ಚಿನ ತೊಡಕು ಕಿವಿಗೂ ಕೈಗೂ ಹೊಂದದಿರುವುದು. ತ್ರೇಸಷ್ಟ ಎಂದು ಗುರುಗಳು ಹೇಳಿದಾಗ ಕಿವಿಗೆ ಮೊದಲು ಬೀಳುವುದು ಮೂರು. ಕೇಳಿದ ಕ್ರಮದಲ್ಲೇ ಬರೆದ ಮಗು 36 ಎಂದು ಬರೆಯುತ್ತದೆ, ತಪ್ಪು ಗುರುತು ಬೀಳುತ್ತದೆ. ಇನ್ನೂರ ಅರವತ್ತಮೂರು ‘ದೋನಶೇ ತ್ರೇಸಷ್ಟ’: ನಾಲಿಗೆ ಮೊದಲು ನೂರರ ಮನೆಗೆ ಹೋಗಿ, ಅಲ್ಲಿಂದ ಬಿಡಿಯ ಮನೆಗೆ ಹಾರಿ, ಮತ್ತೆ ನಡುವಿನ ಹತ್ತಕ್ಕೆ ಮರಳಬೇಕು. ಸಂಸ್ಕೃತದ ಜ್ಯೋತಿಷಿಗಳು ಭೂತಸಂಖ್ಯೆಯಲ್ಲಿ, ಅಂದರೆ ಅಂಕಿಗೆ ವಸ್ತುಗಳ ಹೆಸರು ಬಳಸುವ ರೀತಿಯಲ್ಲಿ, ಅಂಕಿಗಳನ್ನು ಬಿಡಿಯಿಂದ ಮೇಲಕ್ಕೆ ಹೇಳುತ್ತಿದ್ದರು. ಅದು ಬಲದಿಂದ ಎಡಕ್ಕಾದರೂ ಉದ್ದಕ್ಕೂ ಒಂದೇ ದಿಕ್ಕು. ಮರಾಠಿಯ ಈಗಿನ ಹೆಸರುಗಳು ಎರಡೂ ದಿಕ್ಕನ್ನು ಬೆರೆಸಿಕೊಂಡಿವೆ. ಹಿಂದಿ, ಗುಜರಾತಿ, ಬಂಗಾಳಿಗಳ ಕಥೆಯೂ ಹೆಚ್ಚುಕಡಿಮೆ ಇದೇ. ಪ್ರಾಕೃತದ ಬಾಯಲ್ಲಿ ಸಾವಿರಾರು ವರ್ಷ ಸವೆದು ಬಂದ ಈ ಹೆಸರುಗಳನ್ನು ನೂರರವರೆಗೆ ಬಹುಮಟ್ಟಿಗೆ ಒಂದೊಂದಾಗಿಯೇ ಬಾಯಿಪಾಠ ಮಾಡಬೇಕು.

ಬಾಯಿಪಾಠ ಪುಣೆಗೆ ಹೊಸತಲ್ಲ. ಪೇಶ್ವೆಯರ ಕಾಲದ ಪಂತೋಜಿಯ ಶಾಲೆ ನಿಂತದ್ದೇ ಅದರ ಮೇಲೆ. ಧೂಳು ಹರಡಿದ ಹಲಗೆಯ ಮೇಲೆ ಅಂಕಿ ತಿದ್ದುವುದು, ಸಂಜೆ ಸಾಲಾಗಿ ನಿಂತು ಮಗ್ಗಿ ಒಪ್ಪಿಸುವುದು. ಮಗ್ಗಿಯೆಂದರೆ ಈಗಿನ ಹತ್ತು ಹತ್ಲೆ ನೂರರ ಮಗ್ಗಿಯಷ್ಟೇ ಅಲ್ಲ. ಮೂವತ್ತರವರೆಗಿನ ಮಗ್ಗಿ ಮುಗಿದ ಮೇಲೆ ಕಾಲಿನದು ‘ಪಾವಕಿ’, ಅರೆಯದು ‘ನಿಮಕಿ’, ಮುಕ್ಕಾಲಿನದು ‘ಪಾವುಣಕಿ’, ಒಂದೂಕಾಲಿನದು ‘ಸವಾಯಿಕಿ’, ಒಂದೂವರೆಯದು ‘ದೀಡಕಿ’, ಎರಡೂವರೆಯದು ‘ಅಡೀಚಕಿ’, ಕೊನೆಗೆ ಮೂರೂವರೆಯದು ‘ಔಟಕಿ’. ಮೂರೂವರೆಗೂ ಒಂದು ಸ್ವಂತ ಹೆಸರು! ಇದನ್ನು ಹಳಬರ ಚಪಲವೆಂದು ನಗುವಂತಿಲ್ಲ. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಮಣಕ್ಕೆ ನಲವತ್ತು ಸೇರು ಇದ್ದ ಪೇಟೆಯಲ್ಲಿ ಎಲ್ಲ ಲೆಕ್ಕವೂ ಕಾಲು ಅರೆಗಳಲ್ಲೇ ಓಡುತ್ತಿತ್ತು. ಮೂರೂವರೆ ರೂಪಾಯಿ ಮಣದ ಜೋಳ ಹದಿನೇಳು ಮಣ ಕೊಂಡರೆ ಎಷ್ಟಾಯಿತೆಂದು ಬುಧವಾರ ಪೇಟೆಯ ಗುಮಾಸ್ತ ಕಾಗದ ಮುಟ್ಟದೆ ಹೇಳುತ್ತಿದ್ದರೆ ಅದಕ್ಕೆ ಕಾರಣ ಆ ಹೆಸರುಗಳು. ಹೆಸರಿದ್ದುದರಿಂದ ಮೂರೂವರೆ ಅವನಿಗೆ ಮೂರು ಮತ್ತು ಅರ್ಧ ಎಂಬ ಜೋಡಣೆಯಾಗಿರದೆ ಒಂದು ಇಡಿಯಾದ ಪ್ರಮಾಣವಾಗಿತ್ತು. ಹೆಸರು ಪರಿಕಲ್ಪನೆಯನ್ನು ಹೇಗೆ ಕೈಗೆ ತಂದುಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳ ಗಾಂವಠಿ, ಅಂದರೆ ಊರಿನ ಹಳೆಯ, ಶಾಲೆಗಳಿಗೂ ಈ ಲೆಕ್ಕದ ಗಾಳಿ ಬೀಸಿತ್ತು. ಸವ್ವಾ, ದೀಡ, ಅಡೀಚ ಅಲ್ಲಿಯ ಮಾತಿನಲ್ಲಿ ಇಂದಿಗೂ ಉಳಿದಿವೆ.

ಆದರೆ ಆ ಶಾಲೆಯಲ್ಲಿ ಕೂತಿದ್ದವರು ಯಾರು? 1820ರ ದಶಕದ ಕೊನೆಯಲ್ಲಿ ಮುಂಬಯಿ ಪ್ರಾಂತ ಸರ್ಕಾರ ಎಣಿಸಿದಾಗ ಸುಮಾರು 46 ಲಕ್ಷ ಜನಕ್ಕೆ 1,700ರಷ್ಟು ಶಾಲೆಗಳೂ 35,000ದಷ್ಟು ಮಕ್ಕಳೂ ಸಿಕ್ಕರು. ಹೆಚ್ಚಿನವರು ಕುಲಕರ್ಣಿಗಳ, ಜೋಯಿಸರ, ವರ್ತಕರ ಮನೆಯ ಗಂಡುಮಕ್ಕಳು. ತ್ರ್ಯಾಹತ್ತರ, ಏಕೋಣಸಾಠಗಳನ್ನು ಅವರು ಶಾಲೆಯಲ್ಲಿ ಕಲಿಯುವ ಮೊದಲೇ ಅಂಗಡಿಯ ಗದ್ದುಗೆಯ ಪಕ್ಕದಲ್ಲೋ ಅಜ್ಜನ ಲೆಕ್ಕದ ವಹಿಯ ಮುಂದೆಯೋ ಕೇಳಿದ್ದರು. ಹೆಸರಿನ ಕಷ್ಟವನ್ನು ಮನೆ ಹೊರುತ್ತಿತ್ತು, ಶಾಲೆ ಅದರ ಫಲವನ್ನಷ್ಟೇ ಉಣ್ಣುತ್ತಿತ್ತು. ಮುಂದೆ ಇಂಗ್ಲಿಷರ ಕಾಲದಲ್ಲಿ ಗಣಿತ ಅಚ್ಚಿಗೆ ಬಂತು. ಜಾರ್ಜ್ ಜರ್ವಿಸ್ ಎಂಬ ಎಂಜಿನಿಯರ್ ಅಧಿಕಾರಿ ಇಂಗ್ಲಿಷ್ ಗಣಿತವನ್ನು ಮರಾಠಿಗೆ ತಂದ. ಟಿಳಕರಿಗೆ ಪಾಠ ಹೇಳಿದ ಪುಣೆಯ ಪ್ರಾಧ್ಯಾಪಕ ಕೇರೋ ಲಕ್ಷ್ಮಣ ಛತ್ರೆಯವರು ಶಾಲೆಗಳಿಗೆಂದು ಮರಾಠಿಯಲ್ಲಿ ಅಂಕಗಣಿತ ಬರೆದರು. ಹೊಸ ಪರಿಭಾಷೆ ಹುಟ್ಟಿತು, ಮೋಲ್ಸ್‌ವರ್ಥ್‌ನ ಮರಾಠಿ-ಇಂಗ್ಲಿಷ್ ನಿಘಂಟು 1831ರಲ್ಲಿ ಬಂತು, ಥಾಮಸ್ ಕ್ಯಾಂಡಿ ಮರಾಠಿ ಗದ್ಯಕ್ಕೆ ವಿರಾಮಚಿಹ್ನೆಗಳನ್ನು ತಂದ. ಇಷ್ಟೆಲ್ಲ ಬದಲಾದರೂ ಒಂದರಿಂದ ನೂರರವರೆಗಿನ ಹೆಸರುಗಳ ಕಡೆ ಯಾರೂ ನೋಡಲಿಲ್ಲ. ನೋಡುವ ಅಗತ್ಯವೂ ಅವರಿಗೆ ಕಾಣಿಸಿರಲಾರದು, ಏಕೆಂದರೆ ಪುಸ್ತಕ ಬರೆದವರೂ ಓದಿದವರೂ ಒಂದೇ ಬಗೆಯ ಮನೆಗಳಿಂದ ಬಂದವರು. ಪುಣೆಯ ಭಿಡೆ ವಾಡೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜೋತಿಬಾ ಫುಲೆ 1882ರಲ್ಲಿ ಶಿಕ್ಷಣದ ಹಂಟರ್ ಆಯೋಗಕ್ಕೆ ಬರೆದ ಮನವಿಯಲ್ಲಿ, ಸರ್ಕಾರದ ಹಣವೆಲ್ಲ ಮೇಲ್ವರ್ಗದ ಉನ್ನತ ಶಿಕ್ಷಣಕ್ಕೆ ಹರಿದುಹೋಗುತ್ತಿದೆ, ರೈತರ ಮಕ್ಕಳ ಪ್ರಾಥಮಿಕ ಶಿಕ್ಷಣ ಮೂಲೆಪಾಲಾಗಿದೆ ಎಂದು ದೂರಿದರು. ಸಂಖ್ಯೆಯ ಹೆಸರನ್ನು ಮನೆಯಲ್ಲಿ ತಿದ್ದುವವರಿಲ್ಲದ ಮಗು ಶಾಲೆಗೆ ಬಂದಾಗಲೇ ಹೆಸರು ಹೀಗೇ ಇರಬೇಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ಅಂಥ ಮಕ್ಕಳು ಲಕ್ಷಗಟ್ಟಲೆ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಹೆಸರು ಬದಲಿಸುವುದಕ್ಕೆ ಬರುವ ಆಕ್ಷೇಪಗಳು ಇಲ್ಲಿಂದ ಶುರುವಾಗುತ್ತವೆ. ಮೊದಲನೆಯದು: ಪರಿಕಲ್ಪನೆ ಬೇರೆ, ಹೆಸರು ಬೇರೆ, ಅರವತ್ತಮೂರು ಹುಣಸೆಬೀಜವನ್ನು ಏನೆಂದು ಕರೆದರೂ ಅವು ಅರವತ್ತಮೂರೇ. ಬೀಜಗಳ ಮಟ್ಟಿಗೆ ನಿಜ, ಮಗುವಿನ ಮಟ್ಟಿಗೆ ಅಲ್ಲ. ಮನೋವಿಜ್ಞಾನಿಗಳಾದ ಸೂಸನ್ ಗೆಲ್ಮನ್ ಮತ್ತು ಎಲೆನ್ ಮಾರ್ಕ್‌ಮನ್ 1986ರಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ರಾಜಹಂಸ ಬಗೆಯ ಒಂದು ಹಕ್ಕಿಯನ್ನೂ ಒಂದು ಬಾವಲಿಯನ್ನೂ ತೋರಿಸಿ, ಒಂದೊಂದರ ಬಗ್ಗೆ ಒಂದೊಂದು ಸಂಗತಿ ಹೇಳಿದರು. ಆಮೇಲೆ ನೋಡಲು ಬಾವಲಿಯಂತೆಯೇ ಇರುವ ಒಂದು ಕಪ್ಪು ಹಕ್ಕಿಯ ಚಿತ್ರವಿಟ್ಟು, ಇದು ಹಕ್ಕಿ ಎಂದು ಹೆಸರಿಸಿ, ಇದರ ರೀತಿ ಯಾವುದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಕಣ್ಣು ಹೇಳಿದ್ದನ್ನು ಬಿಟ್ಟು ಹೆಸರು ಹೇಳಿದ್ದನ್ನು ನಂಬಿದರು. ಸಾಂಡ್ರಾ ವ್ಯಾಕ್ಸ್‌ಮನ್ ವಯಸ್ಸಿನಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಮೊದಲ ಹುಟ್ಟುಹಬ್ಬದ ಆಸುಪಾಸಿನ ಕೂಸುಗಳು ಕೂಡ ಒಂದೇ ಹೆಸರಿಂದ ಕರೆದ ಬೇರೆ ಬೇರೆ ಆಟಿಕೆಗಳನ್ನು ಒಂದು ಗುಂಪಾಗಿ ನೋಡಲು ತೊಡಗುತ್ತವೆ ಎಂದು 1995ರಲ್ಲಿ ತೋರಿಸಿದರು. ಸಂಖ್ಯೆಗೆ ಬಂದರೆ ಅಮೆಜಾನಿನ ಪಿರಹಾ ಜನರ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನವಿದೆ. ಅವರ ಭಾಷೆಯಲ್ಲಿ ನಿಖರವಾದ ಸಂಖ್ಯಾಪದಗಳಿಲ್ಲ. ಎದುರಿಗಿಟ್ಟ ವಸ್ತುಗಳಿಗೆ ಸರಿಸಮನಾಗಿ ಇನ್ನೊಂದು ಸಾಲು ಜೋಡಿಸುವುದು ಅವರಿಗೆ ಕಷ್ಟವಾಗಲಿಲ್ಲ. ವಸ್ತುಗಳನ್ನು ಮರೆಮಾಡಿ, ಎಷ್ಟಿದ್ದವೆಂದು ನೆನಪಿನಲ್ಲಿ ಹಿಡಿಯಬೇಕಾದಾಗ ತಪ್ಪಿದರು. ಪ್ರಮಾಣದ ಅರಿವು ಹೆಸರಿಲ್ಲದೆಯೂ ಇರಬಲ್ಲದು, ಆದರೆ ಅದನ್ನು ಮನಸ್ಸಿನಲ್ಲಿ ಹಿಡಿದಿಟ್ಟು ಮುಂದಿನ ಲೆಕ್ಕಕ್ಕೆ ಒಯ್ಯುವುದು ಹೆಸರಿನ ಕೆಲಸ. ಇನ್ನು ಅರವತ್ತಮೂರರಲ್ಲಿ ಆರು ಹತ್ತುಗಳಿವೆ ಎಂಬ ಸ್ಥಾನಬೆಲೆಯ ಅರಿವಂತೂ ಹುಣಸೆಬೀಜದ ರಾಶಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಐರೀನ್ ಮಿಯುರಾ ಮತ್ತು ಜೊತೆಗಾರರು 1980ರ ದಶಕದಿಂದ ಮಾಡಿದ ಪ್ರಯೋಗಗಳಲ್ಲಿ, ನಲವತ್ತೆರಡನ್ನು ಮರದ ತುಂಡುಗಳಿಂದ ತೋರಿಸು ಎಂದರೆ ಚೀನಿ, ಜಪಾನಿ, ಕೊರಿಯನ್ ಮಕ್ಕಳು ನಾಲ್ಕು ಹತ್ತರ ತುಂಡು, ಎರಡು ಬಿಡಿ ಇಡುತ್ತಿದ್ದರು. ಅಮೆರಿಕದ ಮಕ್ಕಳು ನಲವತ್ತೆರಡು ಬಿಡಿ ತುಂಡುಗಳನ್ನು ಎಣಿಸತೊಡಗುತ್ತಿದ್ದರು. ಚೀನಿಯಲ್ಲಿ ಹನ್ನೆರಡೆಂದರೆ ‘ಹತ್ತು ಎರಡು’, ನಲವತ್ತೆರಡೆಂದರೆ ‘ನಾಲ್ಕು ಹತ್ತು ಎರಡು’. ಇದರಿಂದ ಹೆಸರಿನ ಮಹಿಮೆ ಸಾಬೀತಾಯಿತೆ? ಇಲ್ಲ, ಚೀನದ ಮನೆಗಳಲ್ಲಿ ಗಣಿತಕ್ಕೆ ಕೊಡುವ ಬೆಲೆ, ಶಾಲೆಯ ಶಿಸ್ತು, ತಾಯಿಯ ಒತ್ತಾಯ ಎಲ್ಲವೂ ಬೇರೆ ಎಂದು ಹೇಳುವವರಿದ್ದಾರೆ, ಅವರ ಮಾತು ನ್ಯಾಯವೇ. ಆದ್ದರಿಂದ ದೇಶ ಒಂದೇ ಇದ್ದು ಹೆಸರು ಮಾತ್ರ ಬೇರೆಯಾಗುವ ಕಡೆ ಹುಡುಕಬೇಕು. ವೇಲ್ಸ್‌ನಲ್ಲಿ ಅಂಥದೊಂದು ಸನ್ನಿವೇಶವಿದೆ: ಒಂದೇ ಪಠ್ಯಕ್ರಮ, ಆದರೆ ಕೆಲವು ಶಾಲೆ ಇಂಗ್ಲಿಷಿನಲ್ಲಿ, ಕೆಲವು ವೆಲ್ಷ್‌ನಲ್ಲಿ; ವೆಲ್ಷ್‌ನ ಶಾಲಾ ಸಂಖ್ಯಾಪದಗಳು ಚೀನಿಯಂತೆ ನೇರ. ಆನ್ ಡೌಕರ್ ಮತ್ತು ಜೊತೆಗಾರರು 2008ರಲ್ಲಿ ಕಂಡದ್ದು: ಒಟ್ಟು ಗಣಿತದಲ್ಲಿ ವೆಲ್ಷ್ ಮಕ್ಕಳು ಮುಂದಿರಲಿಲ್ಲ, ಎರಡಂಕಿಯ ಸಂಖ್ಯೆಗಳನ್ನು ಓದುವುದರಲ್ಲೂ ಹೋಲಿಸುವುದರಲ್ಲೂ ಮುಂದಿದ್ದರು. ನನಗೆ ಇದು ಚೀನದ ಫಲಿತಾಂಶಕ್ಕಿಂತ ನಂಬಲರ್ಹವೆನಿಸುತ್ತದೆ; ಹೆಸರು ಎಲ್ಲಿ ಕೆಲಸ ಮಾಡಬೇಕೋ ಅಲ್ಲಿ ಮಾತ್ರ ಮಾಡಿದೆ. ಮರಾಠಿಗೆ ತೀರ ಹತ್ತಿರದ ಸಾಕ್ಷಿ ಜರ್ಮನ್, ಝೆಕ್ ಭಾಷೆಗಳದು. ಜರ್ಮನ್ನಿನಲ್ಲೂ ಬಿಡಿಯೇ ಮೊದಲು. ಆಸ್ಟ್ರಿಯದ ಒಂದನೆಯ ತರಗತಿಯ ಮಕ್ಕಳಿಗೆ ಸಂಖ್ಯೆಗಳನ್ನು ಹೇಳಿ ಬರೆಸಿದಾಗ ಆದ ತಪ್ಪುಗಳಲ್ಲಿ ಸುಮಾರು ಅರ್ಧದಷ್ಟು ಹೀಗೆ ಅಂಕಿ ತಿರುವುಮುರುವಾದುವೇ ಆಗಿದ್ದವು. ಝೆಕ್‌ನಲ್ಲಿ ಒಂದೇ ಸಂಖ್ಯೆಗೆ ಎರಡೂ ರೀತಿಯ ಹೆಸರು ಬಳಕೆಯಲ್ಲಿವೆ. ಅದೇ ಮಕ್ಕಳು ಬಿಡಿ ಮೊದಲು ಬರುವ ಹೆಸರು ಕೇಳಿದಾಗ ಅಂಕಿ ತಿರುಗಿಸಿ ಬರೆಯುವ ತಪ್ಪನ್ನು ಹೆಚ್ಚು ಮಾಡಿದರು. ಅದೇ ಮಗು, ಅದೇ ಮನೆ, ಅದೇ ಗುರು. ಬಾಲಭಾರತಿಯ ಸಮಿತಿ ಹೇಳಿದ್ದೂ ಇಷ್ಟನ್ನೇ.

ಹಾಗಾದರೆ ಇಷ್ಟು ತಲೆಮಾರು ಹೇಗೆ ಕಲಿತರು ಎಂಬುದು ಬೀದಿಯಲ್ಲಿ ಹೆಚ್ಚು ಕೇಳಿಬಂದ ಮಾತು. ಕಲಿತವರನ್ನು ಮಾತ್ರ ಎಣಿಸಿದರೆ ಎಲ್ಲ ಪದ್ಧತಿಯೂ ಒಳ್ಳೆಯದಾಗಿ ಕಾಣುತ್ತದೆ. ಮೂರನೆಯ ತರಗತಿಗೆ ಶಾಲೆ ಬಿಟ್ಟು ದನ ಕಾಯಲು ಹೋದವನು ಯಾವ ಸಭೆಯಲ್ಲೂ ಎದ್ದು ನಿಂತು ತನಗೆ ಏಕೋಣಐಂಶಿ ತಿಳಿಯಲಿಲ್ಲವೆಂದು ಹೇಳುವುದಿಲ್ಲ. ಭಾಷೆಯ ಸೊಗಡು ಹಾಳಾಗುತ್ತದೆ ಎಂಬ ಚಿಂತೆಗೆ ಮಾತ್ರ ಗೌರವದ ಉತ್ತರ ಕೊಡಬೇಕು. ‘ಛತ್ತೀಸಚಾ ಆಕಡಾ’ ಎಂದರೆ ಮರಾಠಿಯಲ್ಲಿ ಹಗೆತನ, ದೇವನಾಗರಿಯ ಮೂರೂ ಆರೂ ಒಂದಕ್ಕೊಂದು ಬೆನ್ನು ಹಾಕಿ ಕೂತಿರುವುದರಿಂದ. ‘ತೀಸ ಸಹಾಚಾ ಆಕಡಾ’ ಎಂದರೆ ನಗು ಬರುತ್ತದೆ, ಒಪ್ಪೋಣ. ಆದರೆ ನಾರ್ವೆಯಲ್ಲಿ 1951ರಲ್ಲಿ ಇಂಥದೇ ಬದಲಾವಣೆ ಸಂಸತ್ತಿನ ನಿರ್ಧಾರದಿಂದ ಬಂತು. ಅಲ್ಲಿ ಒತ್ತಾಯ ಹುಟ್ಟಿದ್ದು ಮಕ್ಕಳಿಂದಲ್ಲ, ಟೆಲಿಫೋನಿನಿಂದ. ಬಿಡಿ ಮೊದಲು ಹೇಳಿದ ನಂಬರನ್ನು ತಪ್ಪಾಗಿ ತಿರುಗಿಸುವವರು ಹೆಚ್ಚಾಗಿದ್ದರು. ಶಾಲೆಯೂ ರೇಡಿಯೋವೂ ಹೊಸ ರೀತಿಗೆ ಹೋದವು, ಹಳೆಯದು ಮನೆಮಾತಿನಲ್ಲಿ ಇಂದಿಗೂ ಬದುಕಿದೆ. ನಾರ್ವೆಯಷ್ಟು ದೂರ ಹೋಗುವುದೂ ಬೇಡ. 1957ರಲ್ಲಿ ಹೊಸ ಪೈಸೆ ಬಂತು, ಅದರ ಹಿಂದೆಯೇ ಕಿಲೋ, ಮೀಟರು ಬಂದವು. ಪುಣೆಯ ಶಾಲೆಗಳಿಂದ ಪಾವಕಿ, ಸವಾಯಿಕಿ, ಔಟಕಿಗಳು ಸದ್ದಿಲ್ಲದೆ ಹೊರಬಿದ್ದವು. ನಿಜವಾಗಿ ನೋಡಿದರೆ ತ್ರೇಸಷ್ಟಕ್ಕಿಂತ ಬೆಲೆಬಾಳುವ ಹೆಸರುಗಳು ಅವು. ಅವಕ್ಕಾಗಿ ಯಾವ ಸದನದಲ್ಲೂ ಗದ್ದಲವಾಗಲಿಲ್ಲ. ಪೇಟೆ ಕೇಳಿದಾಗ ಬಿಟ್ಟುಕೊಟ್ಟದ್ದನ್ನು ಏಳು ವರ್ಷದ ಮಗು ಕೇಳಿದಾಗ ಬಿಟ್ಟುಕೊಡಲಾಗದು ಎನ್ನುವುದರಲ್ಲಿ ನ್ಯಾಯವಿಲ್ಲ. ಅಂಗಡಿಯಲ್ಲಿ ತ್ರೇಸಷ್ಟ ರೂಪಾಯಿ ಎಂದಾಗ ಮಗು ಕಕ್ಕಾಬಿಕ್ಕಿಯಾಗುತ್ತದೆ ಎಂಬುದು ನಿಜ, ಅದಕ್ಕೇ ಎರಡೂ ಹೆಸರು ಬೇಕು: ಮೊದಲು ನೇರದ್ದು, ಅರ್ಥ ಗಟ್ಟಿಯಾದ ಮೇಲೆ ರೂಢಿಯದು. ತಪ್ಪು ನಡೆದಿದ್ದರೆ ಅದು ರೀತಿಯಲ್ಲಿ. ಪುಸ್ತಕ ಕೈಗೆ ಬಂದ ಮೇಲೆ ಹೆಚ್ಚಿನ ತಂದೆತಾಯಿಗೆ ಸುದ್ದಿ ತಿಳಿಯಿತು. ಒಂದು ವರ್ಷ ಮುಂಚೆಯೇ ಊರೂರಿನ ಗುರುಗಳನ್ನು ಕೂರಿಸಿ ಮಾತಾಡಿದ್ದರೆ ಅರ್ಧ ಗದ್ದಲ ಹುಟ್ಟುತ್ತಲೇ ಇರಲಿಲ್ಲ.

ಈ ಜಗಳದಲ್ಲಿ ಕನ್ನಡ ಮಾದರಿಯ ಸ್ಥಾನದಲ್ಲಿ ನಿಂತಿತು, ನಾವು ಅದನ್ನು ಗಮನಿಸಲೂ ಇಲ್ಲ. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು: ಎರಡು, ಮೂರು, ನಾಲ್ಕು, ಐದು, ಆರರ ಗುರುತು ಒಂದೊಂದರಲ್ಲೂ ಕೇಳಿಸುತ್ತದೆ. ಹನ್ನೊಂದರಿಂದಲೇ ಹತ್ತು ಮುಂದೆ, ಬಿಡಿ ಹಿಂದೆ. ಹತ್ತರವರೆಗಿನ ಹೆಸರು, ಹತ್ತುಗಳ ಹೆಸರು, ಹನ್ನೊಂದು ಹನ್ನೆರಡು ಇಷ್ಟು ಬಂದರೆ ಉಳಿದದ್ದನ್ನು ಮಗು ತಾನೇ ಕಟ್ಟಿಕೊಳ್ಳುತ್ತದೆ. ತೊಡಕಿಲ್ಲವೆಂದಲ್ಲ, ಒಂಬತ್ತೂ ತೊಂಬತ್ತೂ ಕಿವಿಗೆ ಅವಳಿಗಳಂತೆ ಬಂದು ಮಕ್ಕಳನ್ನು ಗೊಂದಲಕ್ಕೆ ಹಾಕುತ್ತವೆ, ಎಪ್ಪತ್ತರಲ್ಲಿ ಏಳನ್ನು ಹುಡುಕಿ ತೋರಿಸಬೇಕಾಗುತ್ತದೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಿಗೆ ಕನ್ನಡ ಪುಸ್ತಕ ಅಚ್ಚು ಮಾಡಿ ಕಳಿಸುವುದೂ ಪುಣೆಯ ಅದೇ ಬಾಲಭಾರತಿ. ಮರಾಠಿ ಮಕ್ಕಳಿಗೆ ಕೊಡಲು ಹೋಗಿ ಬೈಸಿಕೊಂಡದ್ದನ್ನು ಆ ಸಂಸ್ಥೆ ಕನ್ನಡ ಮಕ್ಕಳಿಗೆ ಮೊದಲಿನಿಂದಲೂ ಕೊಡುತ್ತಿತ್ತು. ಹಾಗಾದರೆ ಕನ್ನಡ ಮಕ್ಕಳೆಲ್ಲ ಗಣಿತದಲ್ಲಿ ಮುಂದಿರಬೇಕಲ್ಲ ಎಂದು ಕೇಳಿದರೆ ವೇಲ್ಸ್‌ನ ಉತ್ತರವೇ ಇದಕ್ಕೂ ಉತ್ತರ: ಒಳ್ಳೆಯ ಹೆಸರು ಒಂದು ಹೊರೆ ಇಳಿಸುತ್ತದೆ, ಕಲಿಸುವ ಗುರುವಿನ ಜಾಗದಲ್ಲಿ ಕೂರುವುದಿಲ್ಲ. ಆದರೆ ಇಳಿದ ಹೊರೆಯನ್ನು ನಾವೇ ಮತ್ತೆ ಮಗುವಿನ ತಲೆಗೇರಿಸುತ್ತಿದ್ದೇವೆ. ಬೆಂಗಳೂರು, ಹುಬ್ಬಳ್ಳಿಗಳ ಎಲ್‌ಕೆಜಿಗಳಲ್ಲಿ ಹದಿಮೂರಕ್ಕೆ ಮುಂಚೆ ಥರ್ಟೀನ್ ಬರುತ್ತದೆ. ಇಂಗ್ಲಿಷಿನಲ್ಲಿ ಇಪ್ಪತ್ತು ದಾಟಿದ ಮೇಲೆ ಹತ್ತು ಮುಂದೆ ಬಂದರೂ, ಅದಕ್ಕೆ ಮೊದಲು ಥರ್ಟೀನಿನಿಂದ ನೈಂಟೀನಿನವರೆಗೆ ಬಿಡಿಯೇ ಮುಂದೆ. ಥರ್ಟೀನೂ ಥರ್ಟಿಯೂ ಬೆರೆತುಹೋಗುತ್ತವೆ, ಇಲೆವೆನ್ನಿನಲ್ಲಿ ಹತ್ತು ಎಲ್ಲಿದೆ ಎಂಬುದು ಯಾವ ಮಗುವಿಗೂ ಕಾಣುವುದಿಲ್ಲ. ಕೆವಿನ್ ಮಿಲ್ಲರ್ ಮತ್ತು ಜೊತೆಗಾರರು 1995ರಲ್ಲಿ ಅಮೆರಿಕ, ಚೀನದ ಪುಟ್ಟ ಮಕ್ಕಳ ಎಣಿಕೆಯನ್ನು ಹೋಲಿಸಿದಾಗ ಹತ್ತರವರೆಗೆ ವ್ಯತ್ಯಾಸವಿರಲಿಲ್ಲ, ಅಮೆರಿಕದ ಮಕ್ಕಳು ಎಡವತೊಡಗಿದ್ದು ಹತ್ತು ದಾಟಿದ ಮೇಲೆ. ಇಂಗ್ಲಿಷ್ ಶಾಲೆಗೆ ಮಕ್ಕಳನ್ನು ಕಳಿಸುವ ಕನ್ನಡದ ತಂದೆತಾಯಿಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮನೆಯಲ್ಲಿ ಮೊದಲು ಕನ್ನಡದಲ್ಲಿ ನೂರರವರೆಗೆ ಎಣಿಸಲು ಕಲಿಸಿ, ಇಂಗ್ಲಿಷ್ ಹೆಸರುಗಳು ಆಮೇಲೆ ಬರಲಿ.